ಓದುಗರ ಪಟ್ಟಿ ಯಾರ ಕೈಯಲ್ಲಿದೆ?

2020ರ ಜೂನ್ 29ರ ರಾತ್ರಿ ಕೇಂದ್ರ ಸರ್ಕಾರ ಚೀನಾದ 59 ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ಟಿಕ್‌ಟಾಕ್ ಕೂಡ ಇತ್ತು. ಆಗ ದೇಶದಲ್ಲಿ ಅದನ್ನು ಬಳಸುತ್ತಿದ್ದವರು ಸುಮಾರು 20 ಕೋಟಿ ಅಂತ ಅಂದಾಜು. ಲಕ್ಷಗಟ್ಟಲೆ ಫಾಲೋವರ್‌ಗಳನ್ನು ಕೂಡಿಸಿಕೊಂಡಿದ್ದವರ ಖಾತೆಗಳು ನೋಡನೋಡುತ್ತಲೇ ನಿಂತುಹೋದವು. ಫಾಲೋವರ್‌ಗಳೇನೂ ಮಾಯವಾಗಿರಲಿಲ್ಲ. ಅದೇ ಊರಲ್ಲಿ, ಅದೇ ಫೋನ್ ಹಿಡಿದುಕೊಂಡು ಇದ್ದರು. ಆದರೆ "ನಾನೀಗ ಇಲ್ಲಿದ್ದೇನೆ, ಬನ್ನಿ" ಅಂತ ಅವರಿಗೆ ಹೇಳಿ ಕಳಿಸೋಕೆ ದಾರಿ ಇರಲಿಲ್ಲ. ಯಾರ ಹೆಸರೂ ಗೊತ್ತಿಲ್ಲ, ನಂಬರೂ ಇಲ್ಲ, ವಿಳಾಸವೂ ಇಲ್ಲ.

ಈಗ ಇನ್ನೊಂದು ಘಟನೆ ನೋಡಿ. ಓದುಗರಿಗೆ ಇಮೇಲ್‌ನಲ್ಲಿ ಪತ್ರ, ಅಂದರೆ ನ್ಯೂಸ್‌ಲೆಟರ್ ಕಳಿಸುವ ರೆವ್ಯೂ ಅನ್ನೋ ಸೇವೆಯನ್ನು ಟ್ವಿಟರ್ 2021ರಲ್ಲಿ ಕೊಂಡುಕೊಂಡಿತ್ತು. 2023ರ ಜನವರಿಯಲ್ಲಿ ಅದನ್ನು ಮುಚ್ಚಿತು. ಅಲ್ಲಿ ಬರೆಯುತ್ತಿದ್ದವರಿಗೂ ಬೇಜಾರಾಯಿತು ನಿಜ. ಆದರೆ ಅವರು ಓದುಗರ ಇಮೇಲ್ ವಿಳಾಸಗಳ ಫೈಲನ್ನು ಡೌನ್‌ಲೋಡ್ ಮಾಡಿ ಬೇರೆ ಸೇವೆಗೆ ಹಾಕಿಕೊಂಡರು. ಮುಂದಿನ ವಾರದ ಪತ್ರ ಅಲ್ಲಿಂದ ಹೋಯಿತು. ಓದುಗರಲ್ಲಿ ಎಷ್ಟೋ ಜನಕ್ಕೆ ಮನೆ ಬದಲಾಗಿದ್ದು ಗೊತ್ತೇ ಆಗಿರಲಿಕ್ಕಿಲ್ಲ.

ಆನ್‌ಲೈನ್‌ನಲ್ಲಿ ಬಳಗ ಕಟ್ಟಿ, ಅದರ ಮೇಲೆ ಸ್ಟಾರ್ಟಪ್ ಅಥವಾ ನ್ಯೂಸ್‌ಲೆಟರ್ ವ್ಯಾಪಾರ ಬೆಳೆಸುವ ಬಗ್ಗೆ ಎಷ್ಟೋ ಮಾತು ಕೇಳಿಬರುತ್ತದೆ. ಯಾವ ಹೊತ್ತಿಗೆ ಪೋಸ್ಟ್ ಹಾಕಬೇಕು, ಯಾವ ಹ್ಯಾಶ್‌ಟ್ಯಾಗ್ ಓಡುತ್ತದೆ, ಇಂಥವೇ ಜಾಸ್ತಿ. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ಪಟ್ಟಿ ಯಾರ ಕೈಯಲ್ಲಿದೆ? ಯಾರ ಅಪ್ಪಣೆಯೂ ಇಲ್ಲದೆ ನಾಳೆ ಬೆಳಿಗ್ಗೆ ಎಷ್ಟು ಜನರನ್ನು ನಿಮ್ಮಿಂದ ತಲುಪೋಕೆ ಆಗುತ್ತದೆ? ಅಷ್ಟು ಜನ ನಿಮ್ಮ ಓದುಗರು. ಉಳಿದವರು ಆ ಕಂಪನಿಯ ಗ್ರಾಹಕರು. ಸದ್ಯಕ್ಕೆ ನಿಮ್ಮನ್ನೂ ನೋಡುತ್ತಿದ್ದಾರೆ, ಅಷ್ಟೇ.

ನಮ್ಮ ಕಂಪನಿ, ನಮ್ಮ ಭಾಷೆ ಅಂದರೂ ಇದು ಬದಲಾಗುವುದಿಲ್ಲ. ಟ್ವಿಟರ್ ಥರದ ಕೂ ಆ್ಯಪ್ 2020ರಲ್ಲಿ ಬೆಂಗಳೂರಿನಿಂದ, ಮೊದಲು ಕನ್ನಡದಲ್ಲೇ ಶುರುವಾಯಿತು. ಕನ್ನಡದಲ್ಲಿ ಬರೆಯೋರಿಗೆ ಅದೊಂದು ಖುಷಿಯ ಜಾಗವಾಗಿತ್ತು. 2024ರ ಜುಲೈನಲ್ಲಿ ಮುಚ್ಚಿತು. ಅಲ್ಲಿ ಕಟ್ಟಿಕೊಂಡ ಬಳಗವೂ ಅದರ ಜೊತೆಗೇ ಹೋಯಿತು.

ಇಮೇಲ್ ಯಾಕೆ ಬೇರೆ ಅಂದರೆ, ಅದಕ್ಕೆ ಒಬ್ಬ ಮಾಲೀಕ ಅಂತ ಇಲ್ಲ. ಜಿಮೇಲ್‌ನಲ್ಲಿರುವವರಿಗೆ ಯಾಹೂನಿಂದ ಪತ್ರ ಹೋಗುತ್ತದೆ, ನಿಮ್ಮದೇ ಡೊಮೈನ್, ಅಂದರೆ ನಿಮ್ಮ ಹೆಸರಿಗೇ ಕೊಂಡ ವೆಬ್ ವಿಳಾಸದಿಂದಲೂ ಹೋಗುತ್ತದೆ. ಕಳಿಸುವ ಸೇವೆ ಇಷ್ಟವಾಗದಿದ್ದರೆ ಪಟ್ಟಿ ಎತ್ತಿಕೊಂಡು ಇನ್ನೊಂದಕ್ಕೆ ಹೋಗಬಹುದು. ಸಬ್‌ಸ್ಟ್ಯಾಕ್, ಬೀಹೈವ್, ಕಿಟ್, ಮೇಲ್‌ಚಿಂಪ್, ಯಾವುದನ್ನೇ ಬಳಸಿ, ಇಮೇಲ್ ಪಟ್ಟಿಯನ್ನು ಹೊರಗೆ ತೆಗೆದುಕೊಳ್ಳಬಹುದು. ತಿಂಗಳಿಗೊಮ್ಮೆ ಆ ಫೈಲನ್ನು ಇಳಿಸಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಹಾಗಂತ ಇಮೇಲ್‌ನಲ್ಲಿ ಯಾರ ಹಂಗೂ ಇಲ್ಲ ಅಂತಲ್ಲ. ಪತ್ರ ಇನ್‌ಬಾಕ್ಸಿಗೆ ಬೀಳುತ್ತದೋ ಸ್ಪ್ಯಾಮಿಗೆ ಬೀಳುತ್ತದೋ ಅಂತ ತೀರ್ಮಾನ ಮಾಡುವುದು ಗೂಗಲ್, ಯಾಹೂ ಥರದವರು. 2024ರ ಫೆಬ್ರವರಿಯಿಂದ ಇಬ್ಬರೂ ನಿಯಮ ಬಿಗಿ ಮಾಡಿದರು. ದಿನಕ್ಕೆ 5,000ಕ್ಕಿಂತ ಜಾಸ್ತಿ ಪತ್ರ ಜಿಮೇಲ್‌ಗೆ ಕಳಿಸುವವರು ಮೂರು ಗುರುತು ಹಾಕಲೇಬೇಕು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಹೆಸರು ಕೇಳಿ ಹೆದರಬೇಡಿ. ನಿಮ್ಮ ಡೊಮೈನ್ ಹೆಸರಲ್ಲಿ ಪತ್ರ ಕಳಿಸೋಕೆ ಯಾವ ಸರ್ವರ್‌ಗಳಿಗೆ ಅಧಿಕಾರ ಇದೆ ಅಂತ ಎಸ್‌ಪಿಎಫ್ ಹೇಳುತ್ತದೆ. ಡಿಕಿಮ್ ಅಂದರೆ ಲಕೋಟೆಗೆ ಹಾಕಿದ ಅರಗಿನ ಮುದ್ರೆ ಇದ್ದಂತೆ. ದಾರಿಯಲ್ಲಿ ಯಾರೂ ಒಡೆದು ತಿದ್ದಿಲ್ಲ ಅಂತ ಅದು ತೋರಿಸುತ್ತದೆ. ಇವೆರಡೂ ತಾಳೆಯಾಗದಿದ್ದರೆ ಪತ್ರವನ್ನು ಏನು ಮಾಡಬೇಕು ಅಂತ ಡಿಮಾರ್ಕ್ ಹೇಳುತ್ತದೆ. ನ್ಯೂಸ್‌ಲೆಟರ್ ಸೇವೆಗಳು ಕೊಡುವ ಎರಡು ಮೂರು ಸಾಲುಗಳನ್ನು ಡೊಮೈನ್ ಸೆಟ್ಟಿಂಗ್ಸ್‌ನಲ್ಲಿ ಅಂಟಿಸಿದರೆ ಕೆಲಸ ಮುಗಿಯಿತು.

ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. "ಇದು ಸ್ಪ್ಯಾಮ್" ಅಂತ ದೂರು ಕೊಡುವವರ ಪ್ರಮಾಣ 0.3% ಮುಟ್ಟಬಾರದು ಅಂತ ಗೂಗಲ್ ನಿಯಮ. ಅಂದರೆ ಸಾವಿರ ಜನರಲ್ಲಿ ಮೂವರು ಸಿಟ್ಟಾದರೆ ಸಾಕು, ಉಳಿದ 997 ಜನರಿಗೂ ನಿಮ್ಮ ಪತ್ರ ಸರಿಯಾಗಿ ಸಿಗದೆ ಹೋಗಬಹುದು. ಫೋನ್‌ನಲ್ಲಿರುವ ನಂಟರು, ಹಳೆಯ ಆಫೀಸಿನವರು, ಯಾವುದೋ ಕಾರ್ಯಕ್ರಮದಲ್ಲಿ ಕಾರ್ಡ್ ಕೊಟ್ಟವರು, ಎಲ್ಲರನ್ನೂ ಕೇಳದೆ ಪಟ್ಟಿಗೆ ಸುರಿಯುವವರು ಇದನ್ನು ನೆನಪಿಡಬೇಕು. ದುಡ್ಡು ಕೊಟ್ಟು ಪಟ್ಟಿ ಕೊಳ್ಳುವುದಂತೂ ಬೇಡವೇ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮೂಲವೇ ಒಪ್ಪಿಗೆ. ಪಟ್ಟಿ ಬಿಟ್ಟು ಹೋಗುವ ಬಟನ್ ಒಂದೇ ಒತ್ತಿಗೆ ಕೆಲಸ ಮಾಡಬೇಕು. ಹೋಗುವವರನ್ನು ಸಲೀಸಾಗಿ ಹೋಗೋಕೆ ಬಿಟ್ಟರೆ ದೂರು ಹುಟ್ಟುವುದಿಲ್ಲ.

"ಅದೆಲ್ಲ ಸರಿ, ನಮ್ಮ ಕಡೆ ಇಮೇಲ್ ಯಾರು ಓದ್ತಾರೆ? ಎಲ್ಲ ವಾಟ್ಸಾಪ್ ಅಲ್ವಾ?" ಈ ಪ್ರಶ್ನೆ ನ್ಯಾಯವಾದದ್ದು. ಆದರೆ ವಾಟ್ಸಾಪ್‌ನಲ್ಲಿ ಎರಡು ಮೂರು ಥರ ಇದೆ, ಅದನ್ನು ಬಿಡಿಸಿ ನೋಡಬೇಕು. ಬ್ರಾಡ್‌ಕಾಸ್ಟ್ ಲಿಸ್ಟಿಗೆ 256 ಜನರ ಮಿತಿ ಇದೆ. ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಚಾನೆಲ್‌ಗೆ ಎಷ್ಟು ಜನ ಬೇಕಾದರೂ ಸೇರಬಹುದು, ಆದರೆ ಸೇರಿದವರ ನಂಬರ್ ನಿಮಗೆ ಕಾಣುವುದಿಲ್ಲ. ಅಲ್ಲಿಗೆ ಚಾನೆಲ್ ಕೂಡ ಟಿಕ್‌ಟಾಕ್ ಸಾಲಿಗೇ ಸೇರಿತು. ವ್ಯಾಪಾರದವರಿಗೆ ಅಂತ ವಾಟ್ಸಾಪ್ ಕೊಡುವ ಬಿಸಿನೆಸ್ ಎಪಿಐ ಮೂಲಕ ಕಳಿಸಬಹುದು, ಆದರೆ ಪ್ರಚಾರದ ಸಂದೇಶಕ್ಕೆ ದುಡ್ಡು ಕಟ್ಟಬೇಕು. ಹಾಗಾಗಿ ನಾನು ಹೇಳುವುದು ಇಷ್ಟು: ವಾಟ್ಸಾಪ್‌ನಲ್ಲಿ ಜನರನ್ನು ಕಾಣಿ, ಆದರೆ ಸೇರುವಾಗಲೇ ಒಪ್ಪಿಗೆ ಕೇಳಿ ಹೆಸರು, ಊರು, ನಂಬರ್, ಇದ್ದರೆ ಇಮೇಲ್ ಬರೆಸಿಕೊಳ್ಳಿ. ಒಂದು ಗೂಗಲ್ ಫಾರ್ಮ್ ಸಾಕು.

ಇನ್ನು ಸ್ಟಾರ್ಟಪ್ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಮೊದಲು ಉತ್ಪನ್ನ ಮಾಡುತ್ತಾರೆ, ಆಮೇಲೆ ಗಿರಾಕಿ ಹುಡುಕುತ್ತಾರೆ. ಕೆಲವರು ಇದನ್ನು ತಿರುಗಿಸಿದರು. ಅಮೆರಿಕದ ಮಿಂಟ್ ಅನ್ನೋ ಹಣಕಾಸು ಆ್ಯಪ್ 2007ರಲ್ಲಿ ಬಿಡುಗಡೆಯಾಗುವ ಮೊದಲೇ ಖರ್ಚು, ಸಾಲ, ಉಳಿತಾಯದ ಬಗ್ಗೆ ಬರೆಯುತ್ತಾ ಇಮೇಲ್ ಕೂಡಿಸುತ್ತಿತ್ತು. ಬಾಗಿಲು ತೆರೆದ ದಿನ ಜನ ಕಾಯುತ್ತಿದ್ದರು. ಎರಡು ವರ್ಷದಲ್ಲಿ ಇಂಟ್ಯುಯಿಟ್ ಅನ್ನೋ ಸಾಫ್ಟ್‌ವೇರ್ ಕಂಪನಿ ಅದನ್ನು 17 ಕೋಟಿ ಡಾಲರಿಗೆ ಕೊಂಡಿತು. ಹೊಸ ಉತ್ಪನ್ನಗಳನ್ನು ಪರಿಚಯಿಸುವ ಪ್ರಾಡಕ್ಟ್ ಹಂಟ್ 2013ರಲ್ಲಿ ಶುರುವಾದದ್ದು ಬರೀ ಒಂದು ಇಮೇಲ್ ಪಟ್ಟಿಯಾಗಿ. ವೆಬ್‌ಸೈಟ್ ಆಮೇಲೆ ಬಂತು.

ನಮಗೆ ಹತ್ತಿರದ ಉದಾಹರಣೆ ಬೆಂಗಳೂರಿನ ಫಿನ್‌ಶಾಟ್ಸ್. 2019ರಲ್ಲಿ ಐಐಎಂ ಅಹಮದಾಬಾದಿನಲ್ಲಿ ಓದಿದ ಗೆಳೆಯರು ದಿನಕ್ಕೊಂದು ಹಣಕಾಸಿನ ವಿಷಯವನ್ನು ಮೂರು ನಿಮಿಷದಲ್ಲಿ ಓದಿ ಮುಗಿಸುವ ಹಾಗೆ, ಪುಕ್ಕಟೆಯಾಗಿ ಕಳಿಸೋಕೆ ಶುರು ಮಾಡಿದರು. ಷೇರು ವಹಿವಾಟಿನ ಕಂಪನಿ ಜೆರೋಧಾ ಈ ತಂಡದಲ್ಲಿ ಬಂಡವಾಳ ಹೂಡಿತು. 2021ರಲ್ಲಿ ಅದೇ ತಂಡ ಡಿಟ್ಟೋ ಅನ್ನೋ ವಿಮೆ ಸಲಹೆ ಕಂಪನಿ ತೆರೆಯಿತು. ವಿಮೆ ಅಂದಕೂಡಲೇ ನಮ್ಮ ಜನ ಫೋನ್ ಕಟ್ ಮಾಡುತ್ತಾರೆ. ಅಷ್ಟು ಅಪನಂಬಿಕೆ ಇದೆ. ಅಂಥ ವಸ್ತುವನ್ನು ಗುರುತಿಲ್ಲದವರು ಮಾರಲು ಬಂದರೆ ಒಂದು ಕಥೆ. ದಿನಾ ಬೆಳಿಗ್ಗೆ ಜಿಡಿಪಿ, ಬಡ್ಡಿ ದರ, ಬಜೆಟ್ ಎಲ್ಲವನ್ನೂ ತಾಳ್ಮೆಯಿಂದ ಬಿಡಿಸಿ ಹೇಳಿದವರೇ "ಪಾಲಿಸಿ ತಗೊಳ್ಳೋ ಮುಂಚೆ ಇದನ್ನು ನೋಡಿ" ಅಂದರೆ ಬೇರೆಯೇ ಕಥೆ. ಓದುಗರು ಪತ್ರಕ್ಕೆ ದುಡ್ಡು ಕೊಡುವುದಿಲ್ಲ. ಪಾಲಿಸಿ ಮಾರಾಟವಾದರೆ ವಿಮಾ ಕಂಪನಿ ಕಮಿಷನ್ ಕೊಡುತ್ತದೆ. ಪತ್ರದ ಖರ್ಚನ್ನೂ ಆ ವ್ಯಾಪಾರವೇ ಹೊರಬಹುದು.

ಇಲ್ಲಿ ಎರಡು ಲಾಭ ಇದೆ. ಒಂದು ಎಲ್ಲರಿಗೂ ಕಾಣುವಂಥದ್ದು, ಗಿರಾಕಿಯನ್ನು ಹುಡುಕುವ ಜಾಹೀರಾತು ಖರ್ಚು ಉಳಿಯುತ್ತದೆ. ಇನ್ನೊಂದು ಅದಕ್ಕಿಂತ ದೊಡ್ಡದು: ಏನು ಮಾರಬೇಕು ಅನ್ನುವುದನ್ನು ಓದುಗರೇ ಹೇಳಿಬಿಡುತ್ತಾರೆ.

ಇದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಾಗರದ ಒಬ್ಬ ಹುಡುಗ ಅಡಿಕೆ ಸುಲಿಯುವ ಯಂತ್ರ ಬಾಡಿಗೆಗೆ ಕೊಡುವ ಸ್ಟಾರ್ಟಪ್ ಮಾಡಬೇಕು ಅಂದುಕೊಂಡಿದ್ದಾನೆ ಅಂತ ಇಟ್ಟುಕೊಳ್ಳಿ. ಸಾಲ ಮಾಡಿ ಯಂತ್ರ ಕೊಳ್ಳುವ ಮೊದಲು ಅವನು ಪ್ರತಿ ಶನಿವಾರ ಬೆಳೆಗಾರರಿಗೆ ಒಂದು ಪತ್ರ ಕಳಿಸೋಕೆ ಶುರು ಮಾಡುತ್ತಾನೆ. ಶಿವಮೊಗ್ಗ, ಸಾಗರ, ಶಿರಸಿ, ಚನ್ನಗಿರಿ ಮಾರುಕಟ್ಟೆಗಳ ಆ ವಾರದ ಧಾರಣೆ, ಹೋದ ವಾರದ್ದು ಪಕ್ಕಪಕ್ಕ. ರಾಶಿ ಇಡಿ, ಬೆಟ್ಟೆ, ಚಾಲಿ ಹೀಗೆ ಅಡಿಕೆಯ ಒಂದೊಂದು ಬಗೆಗೂ ಬೇರೆ ಬೇರೆ. ಧಾರಣೆಯೇನೋ ಪೇಪರಿನಲ್ಲೂ ಸಿಗುತ್ತದೆ. ಸಿಗದೇ ಇರೋದು ಕಾರಣ. ಅದನ್ನು ಅವನು ಬರೆಯುತ್ತಾನೆ. ಆಮದು ಅಡಿಕೆಗೆ ಕಿಲೋಗೆ 351 ರೂಪಾಯಿ ಕನಿಷ್ಠ ಬೆಲೆ ಅಂತ 2023ರಲ್ಲಿ ಸರ್ಕಾರ ನಿಗದಿ ಮಾಡಿತಲ್ಲ, ಅದರಿಂದ ನಮಗೇನಾಯಿತು? ಎಲೆಚುಕ್ಕಿ ರೋಗ ಈ ವರ್ಷ ಯಾವ ಕಡೆ ಜಾಸ್ತಿ? ಮಳೆಗೆ ಮುಂಚೆ ಬೋರ್ಡೋ ಮದ್ದು ಹೊಡೆಯುವಾಗ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಅನ್ನೋ ಲೆಕ್ಕದಲ್ಲಿ ಜನ ಎಲ್ಲಿ ಎಡವುತ್ತಾರೆ?

ಪತ್ರಕ್ಕೆ "ಅಡಿಕೆ ವಾರಪತ್ರ, ಸಂಚಿಕೆ 14" ಅಂತ ತಲೆಬರಹ ಕೊಟ್ಟರೆ ಯಾರೂ ತೆರೆಯುವುದಿಲ್ಲ. "ಎಲ್ಲ ಕಡೆ ರಾಶಿ ಇಳಿಯಿತು, ಶಿರಸಿಯಲ್ಲಿ ಯಾಕೆ ಇಳಿಯಲಿಲ್ಲ?" ಅಂತ ಕೊಟ್ಟರೆ ಬೆಳೆಗಾರ ಚಹಾ ಕುಡಿಯುತ್ತಲೇ ಓದುತ್ತಾನೆ. ಆದರೆ ಒಳಗೆ ಉತ್ತರ ಇರಲೇಬೇಕು. ತಲೆಬರಹದಲ್ಲಿ ಆಸೆ ಹುಟ್ಟಿಸಿ ಒಳಗೆ ಏನೂ ಇಡದಿದ್ದರೆ ಮುಂದಿನ ಸಲ ಅವನು ನಂಬುವುದಿಲ್ಲ.

ಹೊಸಬರು ಸೇರಿದ ತಕ್ಷಣ ತಾನಾಗಿ ಹೋಗುವ ಮೊದಲ ಪತ್ರ ಇದೆಯಲ್ಲ, ಅದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ಸುಮ್ನೆ "ಸ್ವಾಗತ, ಧನ್ಯವಾದ" ಅಂತ ಕಳಿಸಿ ಆ ಅವಕಾಶ ಕಳೆಯುವವರೇ ಜಾಸ್ತಿ. ನಮ್ಮ ಸಾಗರದ ಹುಡುಗ ಅದರಲ್ಲಿ ಮೂರೇ ಸಾಲು ಬರೆಯುತ್ತಾನೆ: "ನಮಸ್ಕಾರ. ನಿಮ್ಮ ತೋಟ ಎಲ್ಲಿ, ಎಷ್ಟು ಎಕರೆ? ಈ ವರ್ಷ ಯಾವುದು ದೊಡ್ಡ ತಲೆಬಿಸಿ? ಇದಕ್ಕೇ ರಿಪ್ಲೈ ಮಾಡಿ, ನಾನೇ ಓದುತ್ತೇನೆ." ಉತ್ತರ ಬರೋಕೆ ಶುರುವಾಗುತ್ತದೆ. ಇನ್‌ಬಾಕ್ಸ್ ದೃಷ್ಟಿಯಿಂದಲೂ ಇದು ಒಳ್ಳೆಯದು, ಓದುಗರು ಉತ್ತರಿಸುವ ವಿಳಾಸ ಸ್ಪ್ಯಾಮಿಗೆ ಬೀಳುವ ಸಂಭವ ಕಡಿಮೆ. ಆದರೆ ನಿಜವಾದ ಲಾಭ ಉತ್ತರದೊಳಗೆ ಇರುತ್ತದೆ. ಸುಲಿಯುವ ಯಂತ್ರ ಬೇಕು ಅಂತ ಯಾರೂ ಬರೆದಿಲ್ಲ. "ಕೊನೆಗಾರರು ಸಿಗ್ತಾ ಇಲ್ಲ, ಮದ್ದು ಹೊಡೆಯೋಕೆ ಮರ ಹತ್ತೋರಿಲ್ಲ" ಅಂತ ಸಾಲುಸಾಲಾಗಿ ಬರೆದಿದ್ದಾರೆ. ಕೊನೆಗಾರರು ಅಂದರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು. ಅವರಿಗೆ ಬೇಕಿರುವುದು ನೆಲದ ಮೇಲೆ ನಿಂತೇ ಫೈಬರ್ ದೋಟಿಯಲ್ಲಿ, ಅಂದರೆ ಉದ್ದನೆಯ ಕೋಲಿನಲ್ಲಿ ಗೊನೆ ಕೊಯ್ಯುವ, ಮದ್ದು ಹೊಡೆಯುವ ತಂಡ. ಯಂತ್ರಕ್ಕೆ ಸಾಲ ಮಾಡುವ ಮೊದಲೇ ಅವನಿಗೆ ಇದು ಗೊತ್ತಾಯಿತು.

ಓದುಗರು ಮೊದಲು ಬರೋದು ಎಲ್ಲಿಂದ? ಅಮೆರಿಕದ ಮಾರ್ನಿಂಗ್ ಬ್ರೂ ಅನ್ನೋ ನ್ಯೂಸ್‌ಲೆಟರ್ ಇಂದು ದೊಡ್ಡ ಹೆಸರು. 2015ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು ಅದನ್ನು ಶುರು ಮಾಡಿದಾಗ ಕ್ಲಾಸ್‌ರೂಮ್‌ಗಳಿಗೆ ಹೋಗಿ, ಎದುರು ನಿಂತು ಹೇಳಿ, ಒಂದು ಹಾಳೆ ಕೊಟ್ಟು ಇಮೇಲ್ ಬರೆಸಿಕೊಳ್ಳುತ್ತಿದ್ದರು. 2020ರಲ್ಲಿ ಅದಕ್ಕೆ ಸುಮಾರು 7.5 ಕೋಟಿ ಡಾಲರ್ ಬೆಲೆ ಕಟ್ಟಿ ಇನ್‌ಸೈಡರ್ ಕಂಪನಿ ಬಹುಪಾಲು ಕೊಂಡಿತು ಅಂತ ವರದಿಯಾಯಿತು. ಮೊದಲ ನೂರಿನ್ನೂರು ಜನರನ್ನು ಒಬ್ಬೊಬ್ಬರಾಗಿ ಕೈಹಿಡಿದು ಕರೆತರುವುದು ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಅಡಿಕೆ ಹುಡುಗನಾದರೆ ಸೊಸೈಟಿ ಮುಂದೆ, ಮಂಡಿ ಮುಂದೆ, ಕೃಷಿ ಮೇಳದಲ್ಲಿ ನಿಲ್ಲಬೇಕು.

ಆಮೇಲೆ ಓದುಗರೇ ಓದುಗರನ್ನು ತರುವ ಹಾಗೆ ಮಾಡಬೇಕು. ಮಾರ್ನಿಂಗ್ ಬ್ರೂನಲ್ಲಿ ಸ್ನೇಹಿತರನ್ನು ಸೇರಿಸಿದವರಿಗೆ ಭಾನುವಾರದ ವಿಶೇಷ ಸಂಚಿಕೆ, ಸ್ಟಿಕರ್, ಕಾಫಿ ಮಗ್ ಹೀಗೆ ಮೇಲೆ ಮೇಲೆ ಬಹುಮಾನ ಇಟ್ಟಿದ್ದರು. ಇದರ ಲೆಕ್ಕ ಸರಳ. ಹೊಸದಾಗಿ ಬಂದ 100 ಜನ 20 ಜನರನ್ನು ತಂದರೆ, ಆ 20 ಜನ ನಾಲ್ವರನ್ನು, ಆ ನಾಲ್ವರಲ್ಲಿ ಯಾರೋ ಒಬ್ಬರು ಇನ್ನೊಬ್ಬರನ್ನು ತರುತ್ತಾರೆ. 100 ಜನರಿಗೆ ಪಟ್ಟ ಶ್ರಮಕ್ಕೆ 125 ಜನ. ಯೂಟ್ಯೂಬ್, ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎಲ್ಲ ಬೇಕು, ಬೇಡ ಅಂತಲ್ಲ. ಹೊಸಬರ ಕಣ್ಣಿಗೆ ಬೀಳೋಕೆ ಅವೇ ಜಾಗ. ಆದರೆ ಪ್ರತಿ ವಿಡಿಯೋ, ಪ್ರತಿ ಪೋಸ್ಟ್ ಕೊನೆಗೆ ಜನರನ್ನು ಪಟ್ಟಿಯ ಕಡೆಗೆ ಕರೆಯಬೇಕು. ಲೈಕ್‌ಗಳನ್ನು ಎಣಿಸಿ ಸುಮ್ಮನಾದರೆ ಏನೂ ಉಳಿಯುವುದಿಲ್ಲ.

ಎಣಿಕೆ ವಿಷಯದಲ್ಲೇ ಒಂದು ಎಚ್ಚರಿಕೆ. ಎಷ್ಟು ಜನ ಪತ್ರ ತೆರೆದರು ಅನ್ನೋ ಓಪನ್ ರೇಟನ್ನು ಈಗ ಪೂರ್ತಿ ನಂಬಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನದ ಸೌಲಭ್ಯ ತಂದ ಮೇಲೆ, ಓದದ ಪತ್ರವೂ ಎಷ್ಟೋ ಸಲ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ಯಾರು ಲಿಂಕ್ ಒತ್ತಿದರು, ಯಾರು ಉತ್ತರ ಬರೆದರು ಅನ್ನುವುದೇ ಗಟ್ಟಿ ಲೆಕ್ಕ.

ಈಗ ದುಡ್ಡು. ಅಡಿಕೆ ಪತ್ರಕ್ಕೆ 10,000 ಓದುಗರಾದರು ಅಂದುಕೊಳ್ಳಿ. ಮುಂದಿನ ಅಂಕಿಗಳೆಲ್ಲ ಲೆಕ್ಕ ತೋರಿಸೋಕೆ ನಾನು ಹಾಕಿಕೊಂಡವು. 3% ಜನ ತಿಂಗಳಿಗೆ 100 ರೂಪಾಯಿ ಚಂದಾ ಕೊಟ್ಟರೆ 300 ಜನ, 30,000 ರೂಪಾಯಿ. ಸಬ್‌ಸ್ಟ್ಯಾಕ್ ಥರದ ಸೇವೆ 10% ತೆಗೆದುಕೊಳ್ಳುತ್ತದೆ, ಪಾವತಿ ಶುಲ್ಕ ಬೇರೆ. ಜಾಹೀರಾತಾದರೆ ಸಾವಿರ ಓದುಗರಿಗೆ 500 ರೂಪಾಯಿಯಂತೆ ಒಂದು ಪತ್ರಕ್ಕೆ 5,000, ತಿಂಗಳಿಗೆ 20,000. ಅದೇ ದೋಟಿ ತಂಡದ ಸೇವೆಯನ್ನು ಓದುಗರಲ್ಲಿ ಬರೀ 1% ಜನ, ಅಂದರೆ 100 ತೋಟದವರು, ಹಂಗಾಮಿಗೆ 10,000 ರೂಪಾಯಿಯಂತೆ ಕೊಂಡರೆ 10 ಲಕ್ಷದ ವಹಿವಾಟು. ಕೂಲಿ, ಸಾಗಾಟ ಕಳೆದರೂ ತಂಡ ಕಟ್ಟುವಷ್ಟು ಉಳಿಯಬಹುದು. ಸಣ್ಣ ಬಳಗಕ್ಕೆ ಚಂದಾಗಿಂತ ಸೇವೆ ಯಾಕೆ ಜಾಸ್ತಿ ಹೊಂದುತ್ತದೆ ಅಂತ ಇದರಲ್ಲೇ ಕಾಣುತ್ತದೆ.

ಚಂದಾ ವ್ಯಾಪಾರದಲ್ಲಿ ಕಣ್ಣಿಗೆ ಬೀಳದ ಸೋರಿಕೆ ಒಂದಿದೆ. ಆ 300 ಜನರಲ್ಲಿ ತಿಂಗಳಿಗೆ 5% ಬಿಟ್ಟು ಹೋಗುತ್ತಾರೆ ಅಂದರೆ ಸಣ್ಣದು ಅನಿಸುತ್ತದೆ. ಹೊಸಬರು ಬರದಿದ್ದರೆ ವರ್ಷದ ಕೊನೆಗೆ ಉಳಿಯೋದು ಸುಮಾರು 162 ಜನ. ಬಿಡುವವರು 2% ಮಾತ್ರ ಆಗಿದ್ದರೆ 235 ಜನ ಉಳಿಯುತ್ತಿದ್ದರು. ಹೊಸಬರನ್ನು ತರುವ ಹುಮ್ಮಸ್ಸಿನಲ್ಲಿ ಇದ್ದವರನ್ನು ಮರೆತ ಪತ್ರಗಳು ಬೆಳೆಯುತ್ತಿರುವಂತೆ ಕಂಡರೂ ನಿಂತಲ್ಲೇ ನಿಂತಿರುತ್ತವೆ.

ಚಂದಾದ ಮೇಲೆ ಬದುಕೋಕೆ ಆಗಲ್ಲ ಅಂತಲೂ ಅಲ್ಲ. ಅಮೆರಿಕದ ಬರಹಗಾರ ಬೆನ್ ಥಾಂಪ್ಸನ್ ತೈವಾನಿನ ತೈಪೆಯಲ್ಲಿ ಕೂತು ತಂತ್ರಜ್ಞಾನ ಕಂಪನಿಗಳ ವಿಶ್ಲೇಷಣೆ ಬರೆಯುತ್ತಾ 2014ರಲ್ಲಿ ಚಂದಾ ಶುರು ಮಾಡಿದರು. ವಾರಕ್ಕೊಂದು ಲೇಖನ ಎಲ್ಲರಿಗೂ ಪುಕ್ಕಟೆ, ಉಳಿದವು ದುಡ್ಡು ಕೊಟ್ಟವರಿಗೆ. ಒಬ್ಬರೇ ಬರೆದು ದೊಡ್ಡ ವ್ಯಾಪಾರ ಕಟ್ಟಿದರು. ಕನ್ನಡಕ್ಕಂತೂ ಇದು ಹೊಸದೇ ಅಲ್ಲ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಶುರು ಮಾಡಿದ್ದು ಚಂದಾದಾರರನ್ನು ನಂಬಿ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತೇ ತೆಗೆದುಕೊಳ್ಳದೆ ಓದುಗರ ದುಡ್ಡಿನ ಮೇಲೆ ನಡೆಯಿತು. ಕನ್ನಡದವರು ಓದೋಕೆ ದುಡ್ಡು ಕೊಡಲ್ಲ ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ತಮ್ಮ ಬದುಕಿಗೆ ಹತ್ತಿರದ್ದನ್ನು, ಬೇರೆಲ್ಲೂ ಸಿಗದ್ದನ್ನು ಕೊಟ್ಟರೆ ಕೊಡುತ್ತಾರೆ.

ಆದರೆ ದುಡ್ಡು ಈಸಿಕೊಳ್ಳುವ ದಾರಿ ಮಾತ್ರ ನಮ್ಮಲ್ಲಿ ಸ್ವಲ್ಪ ಕಲ್ಲುಮುಳ್ಳು. ಸಬ್‌ಸ್ಟ್ಯಾಕ್ ಚಂದಾ ವಸೂಲಿಗೆ ಸ್ಟ್ರೈಪ್ ಅನ್ನೋ ಪಾವತಿ ಸೇವೆ ಬಳಸುತ್ತದೆ. ಸ್ಟ್ರೈಪ್ 2024ರಿಂದ ಭಾರತದಲ್ಲಿ ಆಹ್ವಾನ ಇದ್ದವರಿಗೆ ಮಾತ್ರ ಹೊಸ ಖಾತೆ ಕೊಡುತ್ತಿದೆ. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್‌ನಿಂದ ಹೊಸ ನಿಯಮ ತಂದಾಗ ಎಷ್ಟೋ ಚಂದಾಗಳು ಅಲ್ಲಿಗೇ ನಿಂತವು. ರೇಜರ್‌ಪೇ ಥರದ ಸೇವೆಯ ಮೂಲಕ ಯುಪಿಐ ಆಟೋಪೇ ಇಟ್ಟುಕೊಳ್ಳುವುದು ಈಗಿರುವ ಸರಾಗವಾದ ದಾರಿ. ಅದಕ್ಕಿಂತ ಸುಲಭ ವರ್ಷಕ್ಕೊಮ್ಮೆ ಚಂದಾ. ಒಂದು ಕ್ಯೂಆರ್ ಕೋಡ್ ಸಾಕು. ಅಡಿಕೆ ಬೆಳೆಗಾರರಿಂದ ಚಂದಾ ಕೇಳುವುದಾದರೆ ಆಷಾಢದಲ್ಲಿ ಕೇಳಬೇಡಿ. ಕೊಯ್ಲು ಮುಗಿದು, ಮಂಡಿಗೆ ಮಾಲು ಹೋಗಿ, ದುಡ್ಡು ಖಾತೆಗೆ ಬೀಳುವ ಫೆಬ್ರವರಿ, ಮಾರ್ಚ್‌ನಲ್ಲಿ ಕೇಳಿ. ಎಲ್ಲರ ಚಂದಾ ಅದೇ ತಿಂಗಳಿಗೆ ಮುಗಿಯುವ ಹಾಗೆ ಹೊಂದಿಸಿಕೊಂಡರೆ ಪ್ರತಿ ವರ್ಷವೂ ಅದೇ ಹೊತ್ತಿಗೆ ಒಂದೇ ನೆನಪೋಲೆ ಕಳಿಸಿದರೆ ಆಯಿತು.